ವಿಪತ್ಕಾಲದ ದಾನವೂ ಅದರ ಲೆಕ್ಕವೂ

ಭೂಕಂಪ, ಜಲಪ್ರವಾಹ, ಚಂಡಮಾರುತ ಮೊದಲಾದ ವಿಪತ್ತುಗಳು ಒದಗಿದಾಗ ಮನುಷ್ಯನ ಹೃದಯವು ಕರಗುವುದು ಸಹಜವು. ಆಗ ಶಾಲೆಗಳಲ್ಲಿ ಕಾಣಿಕೆಯ ಡಬ್ಬಿಗಳು ತಿರುಗುತ್ತವೆ. ಕಚೇರಿಗಳಲ್ಲಿ ನೌಕರರು ಒಂದು ದಿನದ ಸಂಬಳವನ್ನು ಬಿಟ್ಟುಕೊಡುತ್ತಾರೆ. ದೊಡ್ಡ ಕಂಪೆನಿಗಳು ಕೋಟಿಗಟ್ಟಲೆ ಹಣವನ್ನು ಕೊಡುವೆವೆಂದು ಸಾರುತ್ತವೆ. ಕೊಡಬೇಕೋ ಬೇಡವೋ ಎಂಬ ವಿಷಯದಲ್ಲಿ ನಾವು ಚರ್ಚಿಸಬೇಕಾದುದು ಏನೂ ಇಲ್ಲ. ಕೊಟ್ಟದ್ದು ಯಾವ ರೂಪದಲ್ಲಿ, ಯಾವ ಕಾಲದಲ್ಲಿ, ಯಾರ ಮೇಲ್ವಿಚಾರಣೆಯಲ್ಲಿ ನೊಂದವರನ್ನು ಮುಟ್ಟುತ್ತದೆಂಬುದೇ ಈ ಪಾಠದ ವಿಷಯವು. ಇದಕ್ಕಾಗಿ ಮೂರು ದೃಷ್ಟಾಂತಗಳನ್ನು ನೋಡೋಣ.

ಮೊದಲನೆಯದು ಬಿಹಾರದ್ದು. 1934ನೆಯ ಇಸವಿ ಜನವರಿ 15ರ ಮಧ್ಯಾಹ್ನ ಬಿಹಾರ ಮತ್ತು ನೇಪಾಳ ಸೀಮೆಗಳಲ್ಲಿ ಭೂಮಿಯು ನಡುಗಿ, ಮುಂಗೇರ, ಮುಜಫ್ಫರಪುರ ಮೊದಲಾದ ಪಟ್ಟಣಗಳು ಹಾಳಾದವು. 10,000ಕ್ಕಿಂತಲೂ ಹೆಚ್ಚು ಜನರು ಮಡಿದರು. ಸರ್ಕಾರದ ಪರವಾಗಿ ವೈಸರಾಯರ ನಿಧಿಯೂ, ಜನರ ಪರವಾಗಿ ಬಾಬು ರಾಜೇಂದ್ರಪ್ರಸಾದರ ನೇತೃತ್ವದಲ್ಲಿ ಒಂದು ಸಹಾಯಸಮಿತಿಯೂ ಏರ್ಪಟ್ಟವು. ಆ ಸಮಿತಿಯ ಹಣಕಾಸಿನ ಹೊಣೆಯನ್ನು ಹೊತ್ತವರು ಲಂಡನ್ನಿನಲ್ಲಿ ಲೆಕ್ಕಪರಿಶೋಧನೆಯನ್ನು ಕಲಿತ ಜೆ. ಸಿ. ಕುಮಾರಪ್ಪನವರು. ಅವರು ಸ್ವಯಂಸೇವಕರ ಆಹಾರದ ವೆಚ್ಚವನ್ನು ದಿನಕ್ಕೆ ಮೂರು ಆಣೆಯೆಂದು ಗೊತ್ತುಮಾಡಿದ್ದರು. ಗಾಂಧೀಜಿಯವರು ಪರಿವಾರಸಹಿತ ಅಲ್ಲಿಗೆ ಬಂದಾಗ, ಅವರೆಲ್ಲರ ಖರ್ಚನ್ನು ಈ ನಿಧಿಯಿಂದ ಕೊಡಲಾಗದೆಂದು ಕುಮಾರಪ್ಪನವರು ತಿಳಿಸಿಬಿಟ್ಟರು. ಗಾಂಧೀಜಿಯವರು ಬೇಸರಗೊಳ್ಳದೆ ಅದಕ್ಕೆ ಒಪ್ಪಿದರು. ದಾನದ ಹಣವು ದಾನಿಯ ಕೈಬಿಟ್ಟ ಮೇಲೆ ಹಂಚುವವರ ಸ್ವತ್ತಾಗುವುದಿಲ್ಲ, ಅದು ನೊಂದವರದು. ಎಷ್ಟು ದೊಡ್ಡವರಾದರೂ ಅದರಲ್ಲಿ ಕೈಹಾಕಕೂಡದೆಂಬುದೇ ಇಲ್ಲಿಯ ಪಾಠವು.

ಎರಡನೆಯದು ಸುನಾಮಿಯ ದೃಷ್ಟಾಂತವು. 2004ನೆಯ ಇಸವಿ ಡಿಸೆಂಬರ್ 26ರಂದು ಸುಮಾತ್ರದ ಬಳಿಯಲ್ಲಿ ಕಡಲತಳವು ಕಂಪಿಸಿದುದರಿಂದ ಎದ್ದ ತೆರೆಗಳು ಹಿಂದೂ ಮಹಾಸಾಗರದ ಸುತ್ತಲಿನ ದೇಶಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಜನರನ್ನು ಬಲಿತೆಗೆದುಕೊಂಡವು. ಲೋಕವೆಲ್ಲಾ ಮರುಗಿ ಧನಸಹಾಯವನ್ನು ಮಾಡಿತು. ಸರ್ಕಾರಗಳೂ ಜನರೂ ಕಂಪೆನಿಗಳೂ ಕೊಟ್ಟ ಒಟ್ಟು ಹಣವು 1,300 ಕೋಟಿ ಡಾಲರುಗಳನ್ನು ಮೀರಿತು. ಆಗ ಫ್ರಾನ್ಸಿನಲ್ಲಿ ಹುಟ್ಟಿದ, ‘ಗಡಿಗಳಿಲ್ಲದ ವೈದ್ಯರು’ ಎಂಬ ಅರ್ಥದ ಹೆಸರುಳ್ಳ ಸಂಸ್ಥೆಯು ಕೆಲವೇ ದಿನಗಳಲ್ಲಿ, ಈ ಕಾರ್ಯಕ್ಕೆ ಬೇಕಾದಷ್ಟು ಹಣವು ತಮಗೆ ಬಂದಿದೆ, ಇನ್ನು ಇದಕ್ಕಾಗಿ ಕಳುಹಿಸಬೇಡಿರೆಂದು ಬಹಿರಂಗವಾಗಿ ತಿಳಿಸಿತು. ಮಿಕ್ಕ ಹಣವನ್ನು ಬೇರೆ ಕಡೆಯ ಸಂಕಟಕ್ಕೆ ಉಪಯೋಗಿಸಬಹುದೇ ಎಂದು ದಾನಿಗಳ ಅಪ್ಪಣೆಯನ್ನೂ ಕೇಳಿತು, ಹೆಚ್ಚಿನವರು ಸಮ್ಮತಿಸಿದರು. ಸಾಕೆನ್ನುವ ಧೈರ್ಯವುಳ್ಳ ಸಂಸ್ಥೆಯನ್ನು ನಾವು ನಿಶ್ಚಿಂತೆಯಿಂದ ನಂಬಬಹುದು.

ಅದೇ ಸಮಯದಲ್ಲಿ ತಮಿಳುನಾಡಿನ ನಾಗಪಟ್ಟಣದ ಕಡೆಯಲ್ಲಿ ಹಳೆಯ ಬಟ್ಟೆಗಳು ರಾಶಿರಾಶಿಯಾಗಿ ಬಂದು ಬಿದ್ದವು. ಮಾನವಂತರಾದ ಮೀನುಗಾರರು ಅವುಗಳನ್ನು ತೊಡಲು ಮನಸ್ಸು ಮಾಡಲಿಲ್ಲ. ಬಟ್ಟೆಗಳನ್ನು ಸಾಗಿಸುವುದಕ್ಕೂ ವಿಂಗಡಿಸುವುದಕ್ಕೂ ಆಳು, ಬಂಡಿ, ವೇಳೆ ಎಲ್ಲವೂ ವ್ಯರ್ಥವಾಯಿತು. ನಮಗೆ ಬೇಡವಾದುದನ್ನು ಕೊಡುವುದು ದಾನವಲ್ಲ, ಮನೆಯನ್ನು ಗುಡಿಸುವುದು. ಹಣವನ್ನು ಕೊಟ್ಟರಾದರೋ, ಬೇಕಾದುದನ್ನು ಅಲ್ಲಿಯೇ ಕೊಳ್ಳಬಹುದು. ನಷ್ಟಪಟ್ಟ ಆ ಊರಿನ ಅಂಗಡಿಗಾರನಿಗೂ ಅದರಿಂದ ಜೀವನವಾದೀತು.

ಇನ್ನು ಕಂಪೆನಿಗಳ ದಾನವನ್ನು ವಿಚಾರಿಸೋಣ. 2013ನೆಯ ಇಸವಿಯ ಕಂಪೆನಿಗಳ ಕಾಯಿದೆಯ 135ನೆಯ ಕಲಮಿನಂತೆ, ನಿರ್ದಿಷ್ಟ ಪ್ರಮಾಣಕ್ಕೆ ಮೇಲ್ಪಟ್ಟ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನು ಸಮಾಜಹಿತಕ್ಕಾಗಿ ವೆಚ್ಚಮಾಡತಕ್ಕದ್ದು. ಈ ನಿಯಮವು 2014ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ವಿಪತ್ತಿನ ಪರಿಹಾರಕಾರ್ಯವೂ, 1948ರಲ್ಲಿ ಸ್ಥಾಪಿತವಾದ ಪ್ರಧಾನಮಂತ್ರಿಗಳ ರಾಷ್ಟ್ರೀಯ ಪರಿಹಾರನಿಧಿಯೂ ಈ ಲೆಕ್ಕಕ್ಕೆ ಸೇರುತ್ತವೆ. ಆದುದರಿಂದ ಕಂಪೆನಿಯು ಕೊಡುವುದೆಲ್ಲವೂ ಕೇವಲ ಔದಾರ್ಯವೆಂದು ತಿಳಿಯಬಾರದು; ಅದರಲ್ಲಿ ಕಾಯಿದೆಯ ಕರ್ತವ್ಯದ ಪಾಲೂ ಉಂಟು. ಕರ್ತವ್ಯವೆಂದ ಮೇಲೆ ಅದರ ಫಲವನ್ನು ವಿಚಾರಿಸುವ ಹಕ್ಕು ಜನರಿಗೂ ಉಂಟು.

ಈ ವಿಚಾರಣೆಯು ಏಕೆ ಬೇಕೆಂಬುದಕ್ಕೆ, ಆ ಕಾಯಿದೆಗಿಂತ ಮೊದಲು ನಮ್ಮ ನಾಡಿನಲ್ಲಿಯೇ ನಡೆದ ಸಂಗತಿಯು ಮೂರನೆಯ ದೃಷ್ಟಾಂತವು. 2009ನೆಯ ಇಸವಿ ಸೆಪ್ಟೆಂಬರ್ ಕೊನೆಯಲ್ಲಿಯೂ ಅಕ್ಟೋಬರ್ ಮೊದಲಲ್ಲಿಯೂ ಸುರಿದ ಮಹಾವೃಷ್ಟಿಯಿಂದ ಉತ್ತರಕರ್ನಾಟಕದ ನದೀತೀರದ ಹಳ್ಳಿಗಳು ಮುಳುಗಿದುವು. ಸರ್ಕಾರವು ‘ಆಸರೆ’ ಎಂಬ ಯೋಜನೆಯನ್ನು ಹೂಡಿ, ಕಂಪೆನಿಗಳ ಮತ್ತು ಧರ್ಮಸಂಸ್ಥೆಗಳ ನೆರವಿನಿಂದ ಎತ್ತರದ ನೆಲದಲ್ಲಿ ಹೊಸ ಮನೆಗಳನ್ನು ಕಟ್ಟಿಸಿತು. ಇದರಿಂದ ಅನೇಕರಿಗೆ ನೆಲೆ ದೊರಕಿತೆಂಬುದು ನಿಜ. ಆದರೆ ಕೆಲವು ಕಡೆ ಮನೆಗಳು ಬಹುಕಾಲ ಬರಿದಾಗಿಯೇ ಉಳಿದವು. ಹೊಲವು ದೂರವಾಯಿತು, ದನಕರುಗಳನ್ನು ಕಟ್ಟಲು ಸ್ಥಳವಿಲ್ಲ, ನೀರಿನ ಅನುಕೂಲವು ಸಾಲದು ಎಂದು ಒಕ್ಕಲಿಗರು ಹಳೆಯ ಊರನ್ನು ಬಿಡಲಿಲ್ಲ. ಗೋಡೆ ಎಬ್ಬಿಸುವ ಮೊದಲು ಆ ಮನೆಯಲ್ಲಿ ಅಡಿಗೆ ಮಾಡತಕ್ಕ ಹೆಂಗಸನ್ನು ಕೇಳುವುದು ಅವಶ್ಯವೆಂದು ಇದರಿಂದ ತಿಳಿಯುತ್ತದೆ.

ನಮ್ಮ ಶಾಲೆಯಲ್ಲಿ ಕಲಿತ ಅನೇಕರು ಇಂದು ಕಚೇರಿಗಳಲ್ಲಿಯೂ ಬ್ಯಾಂಕುಗಳಲ್ಲಿಯೂ ಕಂಪೆನಿಗಳಲ್ಲಿಯೂ ಕೆಲಸದಲ್ಲಿದ್ದಾರೆ. ಮನೆಯ ಜಮಾಖರ್ಚನ್ನು ನೋಡುವವರಂತೂ ಎಲ್ಲರೂ. ಮುಂದೆ ಚಂದಾಪಟ್ಟಿಯು ಎದುರಿಗೆ ಬಂದಾಗ ಅವರೂ ಪೋಷಕರೂ ನಾಲ್ಕು ಪ್ರಶ್ನೆಗಳನ್ನು ಕೇಳಬೇಕೆಂದು ನಮ್ಮ ವಿನಂತಿ: ಏನು ಬೇಕೆಂದು ನೊಂದವರನ್ನು ಕೇಳಿದ್ದಾರೆಯೇ? ರಶೀದಿ ದೊರೆಯುವುದೇ? ಲೆಕ್ಕವನ್ನು ಪ್ರಕಟಿಸುವರೇ? ಹೆಚ್ಚು ಬಂದರೆ ಏನು ಮಾಡುವರು? ಇವುಗಳನ್ನು ಕೇಳುವುದು ಅಪನಂಬಿಕೆಯಲ್ಲ. ಪ್ರಾಮಾಣಿಕನಾದ ಸಂಗ್ರಾಹಕನು ಇವುಗಳಿಗೆ ಸಂತೋಷದಿಂದ ಉತ್ತರ ಕೊಡುವನು.

ಇನ್ನೊಂದು ಮಾತುಂಟು. ಅನ್ನವೂ ಔಷಧವೂ ಮೊದಲ ವಾರದಲ್ಲಿ ಬೇಕು. ಮನೆ, ದೋಣಿ, ಎತ್ತು, ಮಕ್ಕಳ ಪುಸ್ತಕಗಳು ವರ್ಷ ಕಳೆದರೂ ಬೇಕಾಗಿರುತ್ತವೆ. ಅಷ್ಟರೊಳಗೆ ಪತ್ರಿಕೆಗಳು ಆ ಸುದ್ದಿಯನ್ನು ಬಿಟ್ಟಿರುತ್ತವೆ. ಆದುದರಿಂದ ಕೊಡತಕ್ಕದ್ದರಲ್ಲಿ ಅರ್ಧವನ್ನು ಕೂಡಲೆ ಕೊಟ್ಟು, ಉಳಿದರ್ಧವನ್ನು ಆರು ತಿಂಗಳಾದ ಮೇಲೆ ವಿಚಾರಿಸಿ ಕಳುಹಿಸುವುದು ಒಳ್ಳೆಯ ಪದ್ಧತಿಯು.