ಅವ್ವನಿಗೆ ಮಾತ್ರ ಗೊತ್ತಿದ್ದ ದಿನ

ಪ್ರಶ್ನೆ: ನಾನು ವಿಜಯಪುರ ಜಿಲ್ಲೆಯವಳು, ವಯಸ್ಸು ಮೂವತ್ತಾರು. ಹನ್ನೆರಡು ವರ್ಷದಿಂದ ಮೈಸೂರು ಜಿಲ್ಲೆಯಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕಿ. ಈಗ ರಾವಂದೂರಿನಲ್ಲಿ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದೇನೆ. ಮದುವೆಯಾಗಿಲ್ಲ, ಅದರ ಬಗ್ಗೆ ಕೊರಗೂ ಇಲ್ಲ. ದಾಖಲೆಯಲ್ಲಿ ನನ್ನ ಜನ್ಮದಿನ ಜೂನ್ 1. ಅಂದು ಶಾಲೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಕಿನ ಚಿತ್ರಗಳು ಬಂದು ಬೀಳುತ್ತವೆ. ಆದರೆ ನಾನು ಹುಟ್ಟಿದ್ದು ನಾಗರಪಂಚಮಿ ಆದ ಮೂರನೆಯ ದಿನ. ಅದು ಗೊತ್ತಿದ್ದವಳು ಅವ್ವ ಒಬ್ಬಳೇ. ಎಲ್ಲಿದ್ದರೂ ಫೋನ್ ಮಾಡಿ, ‘ಇವತ್ತ ನೀ ಹುಟ್ಟಿದ ದಿನಾ ಐತವ್ವಾ, ಎಣ್ಣಿ ಹಚ್ಗೊಂಡು ಎರಕೋ’ ಅನ್ನುತ್ತಿದ್ದಳು. ಅವ್ವ ತೀರಿಕೊಂಡು ಎರಡು ವರ್ಷವಾಯಿತು. ಹೋದ ವರ್ಷ ಆ ದಿನ ಶಾಲೆ ಮುಗಿಸಿ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಆಗ ಇಲ್ಲಿ ಯಾರನ್ನೂ ಮಾತಾಡಿಸುವ ಹಾಗೂ ಇರುವುದಿಲ್ಲ, ಮನೆ ಮಾಲೀಕರೂ ಹಗಲು ರಾತ್ರಿ ಹೊಗೆಸೊಪ್ಪು ಹದಮಾಡುವ ಬ್ಯಾರನ್ ಹತ್ತಿರವೇ ಇರುತ್ತಾರೆ. ಊರಲ್ಲಿ ಅಣ್ಣ ಇದ್ದಾನೆ, ನನಗಿಂತ ಒಂಬತ್ತು ವರ್ಷ ದೊಡ್ಡವ, ಅವನ ಸಂಸಾರ ಅವನಿಗೆ. ಒಬ್ಬಳೇ ಹುಟ್ಟುಹಬ್ಬ ಮಾಡಿಕೊಳ್ಳುವುದು ಹುಚ್ಚಾಗುತ್ತದೆಯೇ? ಕೇಕ್ ತರಲು ನಾಚಿಕೆ, ಯಾರಿಗೆ ಎಂದು ಕೇಳಿದರೆ ಏನು ಹೇಳಲಿ? ಇನ್ನೊಂದು, ಸೇವಾ ಪುಸ್ತಕದಲ್ಲಿ ಈ ದಿನಾಂಕ ಸರಿ ಮಾಡಿಸಬಹುದೇ?

ಉತ್ತರ: ಹುಚ್ಚಲ್ಲ. ಆದರೆ ಕೇಕ್ ಬೇಡ. ನಾಚಿಕೆಯ ಕಾರಣಕ್ಕಲ್ಲ. ಕೇಕ್ ಕತ್ತರಿಸುವುದು, ಮೇಣದಬತ್ತಿ ಆರಿಸುವುದು, ಇನ್ನೊಬ್ಬರ ಬಾಯಿಗೆ ತುಂಡು ಇಡುವುದು ಇವೆಲ್ಲ ಸುತ್ತ ಜನ ನಿಂತಿರಲಿ ಎಂದೇ ಹುಟ್ಟಿದ ಆಚರಣೆಗಳು. ಅವನ್ನು ಒಬ್ಬರೇ ಮಾಡಿದರೆ ಕೋಣೆಯಲ್ಲಿ ಯಾರು ಯಾರು ಇಲ್ಲ ಎಂಬುದೇ ಕಣ್ಣಿಗೆ ಹೊಡೆಯುತ್ತದೆ. ನಿಮ್ಮ ಅವ್ವ ಹೇಳುತ್ತಿದ್ದ ಕೆಲಸವನ್ನು ನೋಡಿ: ಎಣ್ಣೆ ಹಚ್ಚಿಕೊಂಡು ಎರೆದುಕೊಳ್ಳುವುದು. ಅದಕ್ಕೆ ಒಂದು ತಲೆ ಸಾಕು. ಹೊಸ ಬಟ್ಟೆ ಉಡಲು, ಸಿಹಿ ಮಾಡಿ ತಿನ್ನಲು, ಬೆಟ್ಟ ಹತ್ತಲು, ಬಸ್ಸು ಹಿಡಿದು ಎಲ್ಲಿಗಾದರೂ ಹೋಗಲು ಕೂಡ. ಒಂಟಿಯಾಗಿ ಆಚರಿಸುವವರು ಪ್ರೇಕ್ಷಕರು ಬೇಕಿಲ್ಲದ ಕೆಲಸಗಳನ್ನು ಆರಿಸಿಕೊಂಡರೆ ಅರ್ಧ ಕಷ್ಟ ಅಲ್ಲಿಗೇ ಕಳೆಯುತ್ತದೆ.

ಮೊದಲು ಜೂನ್ 1ರ ವಿಷಯ. ಶಿಕ್ಷಕಿಯಾದ ನಿಮಗೆ ಇದನ್ನು ನಾನು ಹೇಳಬೇಕಿಲ್ಲ, ಬೇರೆ ಓದುಗರಿಗಾಗಿ ಹೇಳುತ್ತೇನೆ. ನಮ್ಮ ರಾಜ್ಯದಲ್ಲಿ ಒಂದು ಇಡೀ ತಲೆಮಾರು ಜೂನ್ 1ರಂದು ಹುಟ್ಟಿದೆ. ಮನೆಯಲ್ಲಿ ಹೆರಿಗೆ, ಜನನ ನೋಂದಣಿ ಇಲ್ಲ. ಅಪ್ಪ ಮಗುವಿನ ಕೈ ಹಿಡಿದುಕೊಂಡು ಶಾಲೆಗೆ ಬಂದರೆ ಮೇಷ್ಟ್ರು ಅದರ ಬಲಗೈಯನ್ನು ತಲೆ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುತ್ತಿದ್ದರು. ಮುಟ್ಟಿತೆಂದರೆ ವಯಸ್ಸಾಯಿತು. ಶಾಲಾ ವರ್ಷ ಶುರುವಾಗುವ ದಿನಕ್ಕೆ ವಯಸ್ಸು ಭರ್ತಿಯಾಗುವ ಹಾಗೆ ಒಂದು ಇಸವಿ, ಅದರ ಮುಂದೆ ಜೂನ್ 1. ದಾಖಲಾತಿ ಪುಸ್ತಕ ತೆರೆದರೆ ಪುಟಗಟ್ಟಲೆ ಅವಳಿ ಜವಳಿಗಳು! ಆದ್ದರಿಂದ ಆ ದಿನ ಬರುವ ಕೇಕಿನ ಚಿತ್ರಗಳ ಬಗ್ಗೆ ಮುನಿಸು ಬೇಡ. ಅವರು ಪುಸ್ತಕದಲ್ಲಿ ಇದ್ದದ್ದನ್ನು ನೋಡಿ ಹಾರೈಸುತ್ತಾರೆ, ನೀವು ಎರಡು ಕೈ ಮುಗಿದ ಚಿತ್ರ ಕಳಿಸಿ, ಮುಗಿಯಿತು.

ನಿಮ್ಮ ನಿಜವಾದ ದಿನಕ್ಕೆ ಒಂದು ಅನುಕೂಲವೂ ಉಂಟು. ನನಗೆ ಬರುವ ಹುಟ್ಟುಹಬ್ಬದ ದೂರುಗಳಲ್ಲಿ ಹೆಚ್ಚಿನವು ಒಂದೇ ತರಹದವು: ಬೆಳಗ್ಗಿನಿಂದ ಫೋನ್ ನೋಡುತ್ತಾ ಕೂತೆ, ಇಂಥವರು ಹಾರೈಸಲಿಲ್ಲ, ಅಂಥವರು ಮರೆತರು. ದಿನ ಪೂರ್ತಿ ಬೇರೆಯವರ ಹಾಜರಿ ತೆಗೆದುಕೊಳ್ಳುವುದರಲ್ಲೇ ಹೋಗಿರುತ್ತದೆ. ನಿಮ್ಮ ದಿನ ಯಾರಿಗೂ ಗೊತ್ತಿಲ್ಲ, ಹಾಗಾಗಿ ಅದನ್ನು ಮರೆತವರೂ ಇಲ್ಲ.

ಆ ದಿನ ಪ್ರತಿ ವರ್ಷ ಜಾರುತ್ತದೆ ಎಂಬುದು ನಿಮ್ಮನ್ನು ಕಾಡುತ್ತಿರಬಹುದು. ನಾಗರಪಂಚಮಿ 2023ರಲ್ಲಿ ಆಗಸ್ಟ್ 21ಕ್ಕೆ ಬಂತು, 2024ರಲ್ಲಿ ಆಗಸ್ಟ್ 9ಕ್ಕೆ, 2025ರಲ್ಲಿ ಜುಲೈ 29ಕ್ಕೆ. ಚಾಂದ್ರಮಾನದ ವರ್ಷಕ್ಕೆ 354 ದಿನ, ಹಾಗಾಗಿ ಹಬ್ಬ ವರ್ಷವರ್ಷವೂ ಸುಮಾರು ಹನ್ನೊಂದು ದಿನ ಹಿಂದೆ ಸರಿದು, ಅಧಿಕಮಾಸ ಬಂದಾಗ ಮತ್ತೆ ಮುಂದೆ ಹೋಗುತ್ತದೆ. 2023ರಲ್ಲಿ ಶ್ರಾವಣವೇ ಅಧಿಕವಾಗಿತ್ತು. ನೀವು ಹುಟ್ಟಿದ ಇಸವಿಯ ಪಂಚಾಂಗ ತೆಗೆದು ಇಂಗ್ಲಿಷ್ ದಿನಾಂಕ ಹುಡುಕಿ ಅದನ್ನೇ ಗಟ್ಟಿಮಾಡಿಕೊಳ್ಳಬಹುದು, ಐದು ನಿಮಿಷದ ಕೆಲಸ. ನಾನಾದರೆ ಮಾಡುವುದಿಲ್ಲ. ನಿಮ್ಮ ಅವ್ವ ಕೊಟ್ಟದ್ದು ತಿಥಿ, ಅದನ್ನೇ ಇಟ್ಟುಕೊಳ್ಳಿ. ನೀವಿರುವ ಜಿಲ್ಲೆಯಲ್ಲಿ ಚಾಮುಂಡೇಶ್ವರಿಯ ವರ್ಧಂತಿಯೂ ಆಷಾಢ ಬಹುಳ ಸಪ್ತಮಿಗೇ ನಡೆಯುವುದು. ಅವಳ ಹುಟ್ಟುಹಬ್ಬವೂ ಒಂದು ವರ್ಷ ಇದ್ದ ದಿನಾಂಕಕ್ಕೆ ಮರುವರ್ಷ ಇರುವುದಿಲ್ಲ. ಬೆಟ್ಟಕ್ಕೆ ಜನ ಬರುವುದೇನೂ ಕಡಿಮೆಯಾಗಿಲ್ಲ.

ಇನ್ನು ಅತ್ತದ್ದರ ಬಗ್ಗೆ. ನಿಮಗೆ ಹುಟ್ಟುಹಬ್ಬ ಒಂಟಿಯಾಯಿತು ಎನ್ನುವುದಕ್ಕಿಂತ ಅವ್ವ ಇಲ್ಲ ಎಂಬ ದುಃಖವೇ ದೊಡ್ಡದು ಎಂದು ನಿಮ್ಮ ಪತ್ರ ಓದಿದರೆ ಅನ್ನಿಸುತ್ತದೆ. ತೀರಿಕೊಂಡವರ ನೆನಪು ತಾರೀಖು ನೋಡಿಕೊಂಡು ಬರುತ್ತದೆ. ತಿಥಿ, ಹಬ್ಬ, ಹುಟ್ಟಿದ ದಿನ ಹತ್ತಿರವಾಗುತ್ತಿದ್ದ ಹಾಗೆ ಕಾರಣ ಗೊತ್ತಿಲ್ಲದೆ ಮನಸ್ಸು ಕುಸಿಯುವುದನ್ನು ಮನೋವೈದ್ಯರು ಚೆನ್ನಾಗಿ ಬಲ್ಲರು. ನಿಮಗಂತೂ ಇದು ಎರಡು ಪಟ್ಟು. ಉತ್ತರ ಕರ್ನಾಟಕದ ಹೆಣ್ಣುಮಗಳಿಗೆ ಪಂಚಮಿ ಎಂದರೆ ತವರು: ರೊಟ್ಟಿ ಪಂಚಮಿ, ಹಾಲೆರೆಯುವುದು, ಜೋಕಾಲಿ, ಡಬ್ಬಿ ತುಂಬ ಉಂಡಿ. ನೀವಿರುವ ಪಿರಿಯಾಪಟ್ಟಣದ ಕಡೆ ಅಷ್ಟು ಸಡಗರ ಇರುವುದಿಲ್ಲ, ಹುತ್ತಕ್ಕೆ ಹಾಲೆರೆದು ಜನ ಕೆಲಸಕ್ಕೆ ಹೋಗುತ್ತಾರೆ. ಹಬ್ಬ ಬಂದದ್ದೇ ತಿಳಿಯದ ಊರಿನಲ್ಲಿ ಹಬ್ಬವಾದ ಮೂರನೆಯ ದಿನವನ್ನು ನೀವೊಬ್ಬರೇ ಎಣಿಸಿಕೊಂಡು ಕೂತಿದ್ದೀರಿ. ಅಳು ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಈ ವರ್ಷವೂ ಬಂದರೆ ಬರಲಿ, ತಡೆಯಲು ಹೋಗಬೇಡಿ. ಆದರೆ ಹಬ್ಬ ಮುಗಿದ ಮೇಲೂ ಎರಡು ವಾರ ಮೀರಿ ನಿದ್ದೆ ಬರದೆ, ಊಟ ಸೇರದೆ, ಬದುಕೇ ಬೇಡ ಅನ್ನಿಸುವ ಹಾಗಾದರೆ ಅದು ನನ್ನ ಅಂಕಣದ ಕೈ ಮೀರಿದ್ದು. 14416ಕ್ಕೆ ಕರೆ ಮಾಡಿ. ಸರ್ಕಾರ 2022ರಲ್ಲಿ ಶುರುಮಾಡಿದ ಟೆಲಿ ಮಾನಸ್, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ದಿನವನ್ನು ಹೇಗೆ ಕಳೆಯಬೇಕು ಎಂಬುದು. ಹುಟ್ಟುಹಬ್ಬವನ್ನು ಮೂರನೆಯ ದಿನ ಶುರುಮಾಡಬೇಡಿ, ಪಂಚಮಿಯ ಹಿಂದಿನ ಸಂಜೆಯೇ ಶುರುಮಾಡಿ. ಶೇಂಗಾ ಹುರಿದು ಉಂಡಿ ಕಟ್ಟಿ. ಮಂಡ್ಯದ ಬೆಲ್ಲ ಪಕ್ಕದಲ್ಲೇ ಸಿಗುತ್ತದೆ, ಎಳ್ಳು ಇದ್ದರೆ ಅದನ್ನೂ ಸೇರಿಸಿ. ನೀವು ಚಿಕ್ಕವರಿದ್ದಾಗ ನಿಮ್ಮ ಹುಟ್ಟುಹಬ್ಬದ ಸಿಹಿ ಯಾವುದಿದ್ದಿರಬೇಕು ಎಂದು ಯೋಚಿಸಿದ್ದೀರಾ? ಪಂಚಮಿಯ ಡಬ್ಬಿಯಲ್ಲಿ ಇನ್ನೂ ಉಳಿದಿದ್ದ ಉಂಡಿಯೇ ಅಲ್ಲವೇ? ನಿಮಗಾಗಿ ಯಾರೂ ಬೇರೆ ಅಡುಗೆ ಮಾಡದಿದ್ದರೂ ಇಡೀ ನಾಡೇ ನಿಮ್ಮ ಹುಟ್ಟುಹಬ್ಬದ ಹೊತ್ತಿಗೆ ಸಿಹಿ ಮಾಡಿ ಮುಗಿಸಿರುತ್ತಿತ್ತು. ಮೂರನೆಯ ದಿನ ಒಂದು ಸಿಎಲ್ ಹಾಕಿ. ಹಾಕಲೇಬೇಕು. ಎಲ್ಲ ದಿನದ ಹಾಗೆ ಆ ದಿನವನ್ನೂ ಕಳೆದರೆ ಸಂಜೆ ಬಾಗಿಲು ಹಾಕಿಕೊಳ್ಳುವುದೇ ಉಳಿಯುತ್ತದೆ. ಬೆಳಗ್ಗೆ ಎಣ್ಣೆ ಹಚ್ಚಿ, ಹಂಡೆಯೋ ಗೀಸರೋ, ನೀರು ಮಾತ್ರ ಬಿಸಿಯಾಗಿರಲಿ, ನಿಧಾನವಾಗಿ ಎರೆದುಕೊಳ್ಳಿ. ಬೆನ್ನಿಗೆ ಕೈ ಎಟುಕದಾಗ ಅವ್ವ ನೆನಪಾಗುತ್ತಾಳೆ, ಆಗಲಿ.

ಆಮೇಲೆ ಮನೆಯಲ್ಲಿ ಕೂರಬೇಡಿ. ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ಬೆಟ್ಟ ನಿಮ್ಮ ತಾಲ್ಲೂಕಿನಲ್ಲೇ ಇದೆ. ಆದರೆ ಶ್ರಾವಣದ ಮಳೆಯಲ್ಲಿ ಮೆಟ್ಟಿಲು ಜಾರುತ್ತದೆ, ಒಬ್ಬರೇ ಹತ್ತುವುದಾದರೆ ಭಕ್ತರು ಬರುವ ದಿನವೇ ಆಗಿರಲಿ. ಚುಂಚನಕಟ್ಟೆಯಲ್ಲಿ ಕಾವೇರಿ ತುಂಬಿ ಧುಮುಕುವ ಕಾಲವೂ ಅದೇ. ಅಲ್ಲಿನ ಕೋದಂಡರಾಮನ ಗುಡಿಯಲ್ಲಿ ಸೀತೆ ರಾಮನ ಬಲಗಡೆ ನಿಂತಿದ್ದಾಳೆ, ಅದನ್ನು ನೋಡಲಾದರೂ ಹೋಗಿಬರಬಹುದು. ಆದರೆ ನನ್ನ ಆಯ್ಕೆ ಬೈಲಕುಪ್ಪೆ.

ಯಾಕೆಂದರೆ ಒಂಟಿ ಹೆಂಗಸು ಒಂದು ಮೇಜಿನ ಮುಂದೆ ಕೂತು ನಿಶ್ಚಿಂತೆಯಿಂದ ಊಟ ಮಾಡಲು ಸಣ್ಣ ಊರುಗಳಲ್ಲಿ ಜಾಗ ಕಡಿಮೆ. ‘ಒಬ್ರೇನಾ ಮೇಡಂ?’ ಎಂಬ ಪ್ರಶ್ನೆ ನೀರಿನ ಲೋಟದ ಜತೆಗೇ ಬರುತ್ತದೆ. ಬೈಲಕುಪ್ಪೆಯಲ್ಲಿ 1961ರಲ್ಲಿ ನೆಲೆಗೊಂಡ ಟಿಬೆಟನ್ ಶಿಬಿರದಲ್ಲಿ ಪ್ರವಾಸಿಗರು ದಿನವೂ ಬಂದು ಹೋಗುತ್ತಿರುತ್ತಾರೆ, ನಿಮ್ಮನ್ನು ಯಾರೂ ವಿಚಾರಿಸುವುದಿಲ್ಲ. ರಾವಂದೂರಿನಿಂದ ಪಿರಿಯಾಪಟ್ಟಣ, ಅಲ್ಲಿಂದ ಕುಶಾಲನಗರದ ಕಡೆಯ ಬಸ್ಸು. 2023ರ ಜೂನ್ 11ರಿಂದ ಹೆಂಗಸರ ಉಚಿತ ಪ್ರಯಾಣದ ಶಕ್ತಿ ಯೋಜನೆ ಇರುವುದರಿಂದ ಸರ್ಕಾರಿ ಬಸ್ಸಿಗೆ ನೀವು ಕೊಡುವುದು ಆಧಾರ್ ದರ್ಶನ ಮಾತ್ರ. (ಅದರಲ್ಲೂ ಜೂನ್ 1 ಎಂದೇ ಇರುತ್ತದೆ, ಇರಲಿ.) ನಾಮ್ದ್ರೋಲಿಂಗ್ ಮಠದ ಸ್ವರ್ಣ ಮಂದಿರದಲ್ಲಿ ಮೂರು ಭಾರಿ ಮೂರ್ತಿಗಳಿವೆ. ನಡುವೆ ಬುದ್ಧ, ಒಂದು ಪಕ್ಕ ಪದ್ಮಸಂಭವ, ಇನ್ನೊಂದು ಪಕ್ಕ ಅಮಿತಾಯು. ಹೆಸರೇ ಹೇಳುವಂತೆ ಅವನು ದೀರ್ಘಾಯುಷ್ಯದ ಬುದ್ಧ. ಹುಟ್ಟಿದ ದಿನ ಅವನ ಮುಂದೆ ಹತ್ತು ನಿಮಿಷ ಕೂತರೆ ನಷ್ಟವಿಲ್ಲ. ಹೊರಗೆ ಬಂದು ಒಂದು ಬಟ್ಟಲು ತುಕ್ಪಾ, ಅಂದರೆ ಅವರ ಬಿಸಿ ನೂಡಲ್ಸ್ ಸಾರು, ಕುಡಿಯಿರಿ. ಆ ಶಿಬಿರದ ಹಿರಿಯರಲ್ಲಿ ಹುಟ್ಟಿದ ತಾರೀಖು ಗೊತ್ತಿಲ್ಲದವರು ಬಹಳ ಮಂದಿ. ಅವರ ಹಳೆಯ ಪದ್ಧತಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹುಟ್ಟುಹಬ್ಬ ಇರಲಿಲ್ಲ. ಲೋಸಾರ್ ಎಂಬ ಹೊಸ ವರ್ಷದ ದಿನ ಎಲ್ಲರಿಗೂ ಒಟ್ಟಿಗೇ ಒಂದು ವಯಸ್ಸು ಏರುತ್ತಿತ್ತು. ನಮ್ಮ ಮೇಷ್ಟ್ರುಗಳ ಜೂನ್ 1 ಅಷ್ಟೇನೂ ವಿಚಿತ್ರವಲ್ಲ ಎಂದು ಅಲ್ಲಿ ಕೂತಾಗ ಅನ್ನಿಸಬಹುದು. ದಲೈ ಲಾಮಾ ಅವರ ಜನ್ಮದಿನ ಮಾತ್ರ ಜುಲೈ 6ಕ್ಕೆ ಗಟ್ಟಿಯಾಗಿ ನಿಂತಿದೆ, ಅಂದು ಅಲ್ಲಿ ದೊಡ್ಡ ಸಂಭ್ರಮ.

ವೃದ್ಧಾಶ್ರಮಕ್ಕೆ ಹೋಗಿ ಬಾಳೆಹಣ್ಣು ಹಂಚಿ ಎಂಬ ಸಲಹೆಯನ್ನು ನಾನು ಕೊಡುವುದಿಲ್ಲ. ಕೊಡಬೇಕೆನಿಸಿದರೆ ವರ್ಷದ ಯಾವ ದಿನವಾದರೂ ಕೊಡಿ. ನಮ್ಮ ಖಾಲಿತನ ತುಂಬಿಸಿಕೊಳ್ಳಲು ಅಲ್ಲಿನ ಅಜ್ಜಿಯರನ್ನು ಸಾಲಾಗಿ ಕೂರಿಸಿ ಫೋಟೊ ತೆಗೆಸುವುದು ನನಗೆ ಹಿಡಿಸಿದ್ದಲ್ಲ.

ಇಷ್ಟು ಹೇಳಿದ ಮೇಲೂ ನಿಮ್ಮ ಪತ್ರದ ಒಂದು ಮಾತನ್ನು ನಾನು ಒಪ್ಪಲಾರೆ. ಆ ದಿನ ಗೊತ್ತಿದ್ದವಳು ಅವ್ವ ಒಬ್ಬಳೇ ಎಂದಿದ್ದೀರಿ. ನೀವು ಹುಟ್ಟಿದಾಗ ಅಣ್ಣನಿಗೆ ಒಂಬತ್ತು ವರ್ಷ. ಆ ವಯಸ್ಸಿನ ಹುಡುಗನಿಗೆ ಪಂಚಮಿ ಮರೆತುಹೋಗುವ ಹಬ್ಬವಲ್ಲ. ಜೋಕಾಲಿ ಇನ್ನೂ ಮರದಲ್ಲಿ ತೂಗುತ್ತಿದ್ದಾಗ ಮನೆಯಲ್ಲಿ ಹೆರಿಗೆಯ ಗದ್ದಲ, ಅವನನ್ನು ಯಾರೋ ಹೊರಗೆ ಕಳಿಸಿರಬೇಕು, ಯಾರೋ ಸೂಲಗಿತ್ತಿಯನ್ನು ಕರೆಯಲು ಓಡಿರಬೇಕು. ತಾರೀಖು ಅವನಿಗೆ ತಿಳಿಯದಿರಬಹುದು, ಅಂದು ಏನಾಯಿತು ಎಂಬುದು ತಿಳಿದಿರುತ್ತದೆ. ಫೋನ್ ಮಾಡಿ. ‘ನನಗೆ ಹಾರೈಸು’ ಎನ್ನಬೇಡಿ, ಅದು ಬೇಡಿದ ಹಾಗಾಗುತ್ತದೆ, ಅವನಿಗೂ ಮುಜುಗರ. ‘ಅಣ್ಣಾ, ನಾ ಹುಟ್ಟಿದಾಗ ನೀ ಎಲ್ಲಿದ್ದಿ?’ ಎಂದು ಕೇಳಿ. ಸಂಸಾರದಲ್ಲಿ ಮುಳುಗಿದ ಗಂಡಸರು ಕ್ಷೇಮ ಸಮಾಚಾರಕ್ಕೆ ಎರಡು ಮಾತಿನ ಉತ್ತರ ಕೊಟ್ಟು ಫೋನ್ ಇಡುತ್ತಾರೆ, ಇಂಥ ಪ್ರಶ್ನೆಗೆ ಅರ್ಧ ಗಂಟೆ ಮಾತಾಡುವುದನ್ನು ನೋಡಿದ್ದೇನೆ. ಅವನೂ ಅವ್ವನನ್ನು ಕಳೆದುಕೊಂಡವನೇ.

ರಾವಂದೂರಿನಲ್ಲೂ ಒಬ್ಬರಿಗೆ ಹೇಳಿ. ಒಬ್ಬರೇ ಸಾಕು, ಶಾಲೆಯ ಗುಂಪಿಗೆ ಬೇಡ. ನಿಮ್ಮ ಮನೆಯ ಮಾಲೀಕರು ಬ್ಯಾರನ್ ಬಿಟ್ಟು ಬರುವುದಿಲ್ಲ ಎಂದಿರಿ, ನೀವೇ ಅಲ್ಲಿಗೆ ಹೋಗಿ. ಒಂದು ಸಲ ತುಂಬಿದ ಸೊಪ್ಪು ಹದವಾಗಲು ಸುಮಾರು ಒಂದು ವಾರ ಬೇಕು. ಎಲೆ ಹಳದಿ ತಿರುಗುವ ತನಕ ಸಣ್ಣ ಕಾವು, ಆಮೇಲೆ ಏರಿಸುತ್ತಾ ನಡುನಾರು ಒಣಗುವ ತನಕ ಉರಿ. ಕಾವು ತಪ್ಪಿದರೆ ವರ್ಷದ ದುಡಿಮೆ ಹರಾಜಿನಲ್ಲಿ ಬಿದ್ದುಹೋಗುತ್ತದೆ. ಹಾಗಾಗಿ ಸೌದೆ ನೂಕುತ್ತಾ, ಥರ್ಮಾಮೀಟರ್ ನೋಡುತ್ತಾ ರಾತ್ರಿಯೆಲ್ಲ ಎದ್ದಿರುತ್ತಾರೆ. ಅವರಿಗೆ ಕೆಲಸ ಇದೆ ನಿಜ, ಆದರೆ ಎರಡು ಸಲ ಸೌದೆ ಹಾಕುವುದರ ನಡುವೆ ಮಾತಿಗೆ ಹೊತ್ತೂ ಇರುತ್ತದೆ. ಸಂಜೆ ಬೈಲಕುಪ್ಪೆಯಿಂದ ಬಂದವರು ಡಬ್ಬಿಯಲ್ಲಿ ನಾಲ್ಕು ಉಂಡಿ ಹಾಕಿಕೊಂಡು ಹೋಗಿ ಮಾಲೀಕರ ಮನೆಯಾಕೆಗೆ ಕೊಡಿ. ಏನು ವಿಶೇಷ ಎಂದು ಕೇಳೇ ಕೇಳುತ್ತಾರೆ. ‘ನಮ್ಮ ಕಡೆ ಪಂಚಮಿ ಉಂಡಿ, ಪಂಚಮಿ ಆದ ಮೂರನೇ ದಿನ ನಾನು ಹುಟ್ಟಿದ್ದು’ ಎನ್ನಿ, ಅಷ್ಟೇ. ಹಳ್ಳಿಯ ಹೆಂಗಸರಿಗೆ ಜುಲೈ 31, ಆಗಸ್ಟ್ 11 ಎಂದರೆ ಮರೆತುಹೋಗುತ್ತದೆ, ಹಬ್ಬದ ಲೆಕ್ಕ ಮರೆಯುವುದಿಲ್ಲ. ತಿಥಿಯನ್ನೇ ಇಟ್ಟುಕೊಳ್ಳಿ ಎಂದದ್ದಕ್ಕೆ ಇದೂ ಒಂದು ಕಾರಣ. ಮುಂದಿನ ವರ್ಷ ಹುತ್ತಕ್ಕೆ ಹಾಲೆರೆದು ಬಂದಾಗ ಆಕೆಗೇ ನೆನಪಾಗಬಹುದು. ಆಗದಿದ್ದರೆ ಮತ್ತೆ ಉಂಡಿ ಕೊಡಿ.

ಕೊನೆಗೆ ಸೇವಾ ಪುಸ್ತಕದ ವಿಚಾರ. ಅದರ ಆಸೆ ಬಿಡಿ. ರಾಜ್ಯ ಸರ್ಕಾರಿ ನೌಕರರ ವಯಸ್ಸು ನಿರ್ಧಾರಕ್ಕೆ 1974ರದ್ದೊಂದು ಕಾಯ್ದೆಯಿದೆ. ಜನ್ಮ ದಿನಾಂಕ ದಾಖಲಾದ ಮೂರು ವರ್ಷದೊಳಗೆ ತಕರಾರು ಎತ್ತಬೇಕು, ಆಮೇಲೆ ಬದಲಾವಣೆಗೆ ಅವಕಾಶವಿಲ್ಲ. ನಿಮಗೆ ಹನ್ನೆರಡು ವರ್ಷದ ಸರ್ವೀಸ್ ಆಗಿದೆ. ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗುತ್ತಾರೆ, ಅಂದರೆ ಅರವತ್ತು ತುಂಬುವ ವರ್ಷದ ಮೇ 31. ಅಂದು ನಿಮ್ಮ ಜತೆ ಹಾರ ಹಾಕಿಸಿಕೊಳ್ಳಲು ಜೂನ್ 1ರವರ ದೊಡ್ಡ ಸಾಲೇ ನಿಂತಿರುತ್ತದೆ.