ಕಾರ್ಡಿನ ಸಾಲವೂ ಅದರಿಂದ ಬಿಡುಗಡೆಯೂ

ಸಾಲವೆಂಬುದು ನಮ್ಮ ಮನೆಗಳಿಗೆ ಹೊಸದೇನೂ ಅಲ್ಲ. ಅಂಗಡಿಯ ಕಡದ ಪುಸ್ತಕದಲ್ಲಿ ಅಕ್ಕಿಬೇಳೆಗಳನ್ನು ಬರೆಯಿಸಿ, ಫಸಲು ಕೈಸೇರಿದ ಮೇಲೆ ತೀರಿಸುವುದು ಹಿರಿಯರ ಕಾಲದ ವಾಡಿಕೆ. ಕೊಟ್ಟವನು ದಿನವೂ ಕಣ್ಣಿಗೆ ಬೀಳುತ್ತಿದ್ದುದರಿಂದ ಸಾಲವನ್ನು ಮರೆಯುವಂತಿರಲಿಲ್ಲ. ಕ್ರೆಡಿಟ್ ಕಾರ್ಡಿನ ಸಾಲವಾದರೋ ಕಣ್ಣಿಗೆ ಕಾಣದೆ ಬೆಳೆಯುವಂಥದು. ತಿಂಗಳಿಗೊಮ್ಮೆ ಬರುವ ಅದರ ಲೆಕ್ಕಪತ್ರ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಅನೇಕ ಮನೆಗಳಲ್ಲಿ ಅದನ್ನು ಓದಿ ಅರ್ಥ ಹೇಳಬೇಕಾದವರು ಶಾಲೆಗೆ ಹೋಗುವ ಮಕ್ಕಳೇ. ಆದುದರಿಂದ ಈ ಪಾಠ ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಗಳಿಗೂ ಸಮನಾಗಿ ಸಲ್ಲತಕ್ಕದ್ದು.

ಕಾರ್ಡಿನ ಕ್ರಮ

ನಾವು ಕಾರ್ಡು ತೋರಿಸಿ ಸಾಮಾನು ಕೊಂಡಾಗ ಅಂಗಡಿಯವನಿಗೆ ಹಣ ಕೊಡುವುದು ಬ್ಯಾಂಕು. ತಿಂಗಳ ಕೊನೆಗೆ ಬ್ಯಾಂಕು ಎಲ್ಲ ಖರ್ಚನ್ನೂ ಕೂಡಿಸಿ, ಇಂಥ ದಿನದೊಳಗೆ ಕಟ್ಟಬೇಕೆಂದು ಗಡುವು ವಿಧಿಸಿ ಲೆಕ್ಕಪತ್ರ ಕಳುಹಿಸುತ್ತದೆ. ಗಡುವಿನೊಳಗೆ ಪೂರ್ತಿ ಹಣ ಕಟ್ಟಿದವನಿಗೆ ಆ ಖರೀದಿಗಳ ಮೇಲೆ ಬಡ್ಡಿಯಿಲ್ಲ. ಆದರೆ ಸ್ವಲ್ಪ ಬಾಕಿ ಉಳಿದರೂ ಬಡ್ಡಿರಹಿತ ಅವಧಿಯ ಸೌಲಭ್ಯ ತಪ್ಪಿಹೋಗಿ, ಹೊಸ ಖರೀದಿಗಳಿಗೂ ಬಡ್ಡಿ ಸುತ್ತಿಕೊಳ್ಳುತ್ತದೆ. ಕಾರ್ಡಿನಿಂದ ನಗದು ತೆಗೆದರಂತೂ ತೆಗೆದ ದಿನದಿಂದಲೇ ಬಡ್ಡಿ ಆರಂಭ, ಶುಲ್ಕ ಬೇರೆ.

ಬಡ್ಡಿಯ ದರ ತಿಂಗಳಿಗೆ ನೂರಕ್ಕೆ 3ರಿಂದ 3.75ರವರೆಗೆ ಇರುವುದು ಸಾಮಾನ್ಯ. ತಿಂಗಳಿಗೆ ಮೂರೂವರೆಯೆಂದರೆ ಅಲ್ಪವೆಂದು ತೋರುತ್ತದೆ. ವರ್ಷಕ್ಕೆ ಅದು ನಲವತ್ತೆರಡು. ವರ್ಷಕ್ಕೆ ಮೂವತ್ತನ್ನು ಮೀರಿದ ಬಡ್ಡಿ ಅನ್ಯಾಯವೆಂದು ರಾಷ್ಟ್ರೀಯ ಗ್ರಾಹಕ ಆಯೋಗವು 2008ರಲ್ಲಿ ತೀರ್ಪಿತ್ತಿತ್ತು. 2024ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ರದ್ದುಪಡಿಸಿತು. ಆದುದರಿಂದ ದರವನ್ನು ಓದಿ ತಿಳಿದುಕೊಳ್ಳುವ ಹೊಣೆ ನಮ್ಮದೇ.

ಕನಿಷ್ಠ ಕಂತಿನ ಲೆಕ್ಕ

ಲೆಕ್ಕಪತ್ರದಲ್ಲಿ ಎರಡು ಮೊತ್ತಗಳಿರುತ್ತವೆ: ಒಂದು ಪೂರ್ಣ ಬಾಕಿ, ಇನ್ನೊಂದು ‘ಕನಿಷ್ಠ’ ಕಟ್ಟಬೇಕಾದ ಹಣ. ಈ ಎರಡನೆಯದನ್ನು ಕಟ್ಟಿ ನೆಮ್ಮದಿಯಿಂದಿರುವವರೇ ಬಹುಮಟ್ಟಿಗೆ ಸಾಲದಲ್ಲಿ ಮುಳುಗುವವರು. ಹೇಗೆಂಬುದನ್ನು ಲೆಕ್ಕ ಹಾಕಿ ನೋಡೋಣ.

ಬಾಕಿ 40,000 ರೂಪಾಯಿ. ಬಡ್ಡಿ ತಿಂಗಳಿಗೆ ನೂರಕ್ಕೆ 3.5, ಕನಿಷ್ಠ ಕಂತು ಬಾಕಿಯ ನೂರಕ್ಕೆ 5 ಎಂದಿಟ್ಟುಕೊಳ್ಳಿರಿ. ಮೊದಲ ತಿಂಗಳ ಬಡ್ಡಿ 1,400. ಬಡ್ಡಿಯ ಮೇಲೆ ನೂರಕ್ಕೆ 18ರಂತೆ ಜಿ.ಎಸ್.ಟಿ. 252. ಒಟ್ಟು 1,652. ಕನಿಷ್ಠ ಕಂತು 2,000. ಅಂದರೆ ಎರಡು ಸಾವಿರ ಕಟ್ಟಿದಾಗ ಅಸಲಿನಲ್ಲಿ ಇಳಿದದ್ದು 348 ರೂಪಾಯಿ ಮಾತ್ರ! ಹೊಸದಾಗಿ ಒಂದು ಕಾಸಿನ ಸಾಮಾನನ್ನೂ ಕೊಳ್ಳದೆ ವರ್ಷವಿಡೀ ಹೀಗೆಯೇ ಕಟ್ಟಿದರೆ, ಕೈಬಿಟ್ಟ ಹಣ ಸುಮಾರು 22,900. ಇನ್ನೂ ಉಳಿದ ಬಾಕಿ ಸುಮಾರು 36,000.

ಅದೇ ಮನುಷ್ಯನು ಮನಸ್ಸು ಗಟ್ಟಿಮಾಡಿ ತಿಂಗಳಿಗೆ 4,000ದಂತೆ ತಪ್ಪದೆ ಕಟ್ಟಿದರೆ ಹದಿನಾಲ್ಕನೆಯ ತಿಂಗಳಿನಲ್ಲಿ ಸಾಲ ಪೂರ್ತಿ ತೀರುತ್ತದೆ. ಕನಿಷ್ಠ ಹಣವನ್ನಷ್ಟೇ ಕಟ್ಟುತ್ತ ಹೋದರೆ ಸಾಲದ ಮರುಪಾವತಿಯು ತಿಂಗಳುಗಟ್ಟಲೆ, ವರ್ಷಗಟ್ಟಲೆ ಲಂಬಿಸುತ್ತದೆಂಬ ಎಚ್ಚರಿಕೆಯನ್ನು ಲೆಕ್ಕಪತ್ರದಲ್ಲಿ ಎದ್ದು ಕಾಣುವಂತೆ ಮುದ್ರಿಸಬೇಕೆಂದು ರಿಸರ್ವ್ ಬ್ಯಾಂಕು 2022ರಲ್ಲಿ ವಿಧಿಸಿತು. ಆ ಸಾಲನ್ನು ಮಕ್ಕಳು ಹುಡುಕಿ ಮನೆಯವರಿಗೆ ಓದಿ ಹೇಳಬೇಕು.

ಸ್ವಪ್ರಯತ್ನದ ದಾರಿ

ಸಾಲ ಕೈಮೀರಿತೆಂದು ತಿಳಿದೊಡನೆ ಮೊದಲು ಮಾಡತಕ್ಕದ್ದು ಕಾರ್ಡನ್ನು ಪೆಟ್ಟಿಗೆಯಲ್ಲಿಡುವುದು. ಅನಂತರ ಒಂದು ಹಾಳೆಯ ಮೇಲೆ ಇರುವ ಸಾಲಗಳನ್ನೆಲ್ಲ ಬಡ್ಡಿದರ ಸಹಿತ ಬರೆಯಿರಿ. ಎಲ್ಲಕ್ಕೂ ಕನಿಷ್ಠ ಕಂತು ಕಟ್ಟಿ, ಮಿಕ್ಕ ಹಣವನ್ನು ಹೆಚ್ಚು ಬಡ್ಡಿಯ ಸಾಲಕ್ಕೆ ಸುರಿಯಿರಿ. ಒಂದು ಕಾರ್ಡಿನ ಸಾಲ ತೀರಿಸಲು ಇನ್ನೊಂದು ಕಾರ್ಡಿನಿಂದ ನಗದು ತೆಗೆಯುವುದು ಎಂದಿಗೂ ಕೂಡದು.

ಕಡಮೆ ಬಡ್ಡಿಯ ಸಾಲ ದೊರೆಯುವುದಾದರೆ ಅದರಿಂದ ಕಾರ್ಡಿನ ಸಾಲವನ್ನು ತೀರಿಸಬಹುದು. ಸಹಕಾರ ಸಂಘದಲ್ಲಿ ವರ್ಷಕ್ಕೆ ನೂರಕ್ಕೆ 12ರಂತೆ 40,000 ರೂಪಾಯಿ ದೊರೆತಿತೆನ್ನೋಣ. ತಿಂಗಳಿಗೆ 4,000 ಕಟ್ಟಿದರೆ ಹನ್ನೊಂದನೆಯ ತಿಂಗಳಿಗೇ ಮುಗಿಯುತ್ತದೆ. ಬಂಗಾರ ಅಡವಿಟ್ಟು ಸಾಲ ತರುವುದಾದರೆ ಮಾತ್ರ ಎಚ್ಚರ ಬೇಕು. ಕಂತು ತಪ್ಪಿದರೆ ಒಡವೆ ಹರಾಜಾದೀತು.

ಬ್ಯಾಂಕಿನೊಡನೆ ಒಪ್ಪಂದ

2008ರಲ್ಲಿ ಕೇಂದ್ರ ಸರಕಾರವು ಸಣ್ಣ ಹಿಡುವಳಿದಾರರ ಕೃಷಿಸಾಲವನ್ನು ಮನ್ನಾ ಮಾಡಿದುದು ಹಿರಿಯರಿಗೆ ನೆನಪಿರಬಹುದು. ಕಾರ್ಡಿನ ಸಾಲಕ್ಕೆ ಸರಕಾರದ ಅಂಥ ಮನ್ನಾ ಇಲ್ಲ. ಆದರೆ ಕಾಯಿಲೆಯಿಂದಲೋ ಕೆಲಸ ಹೋದುದರಿಂದಲೋ ಕಟ್ಟಲಾಗದವರು ಬ್ಯಾಂಕಿಗೆ ಕಾರಣ ತಿಳಿಸಿ, ಬಾಕಿಯನ್ನು ಕಡಮೆ ಬಡ್ಡಿಯ ಕಂತುಗಳಾಗಿ ಮಾರ್ಪಡಿಸಿ ಕೊಡಬೇಕೆಂದು ಬರಹದ ಮೂಲಕ ಕೇಳಬಹುದು. ಬೇಗ ಕೇಳಿದಷ್ಟೂ ಒಳ್ಳೆಯದು.

ಏನೂ ಸಾಗದಿದ್ದಾಗ ಒಂದಿಷ್ಟು ಹಣಕ್ಕೆ ಸಾಲ ಮುಕ್ತಾಯ ಮಾಡುವ ರಾಜಿಯೂ ಉಂಟು. ಹೀಗೆ ಮುಗಿದ ಸಾಲವು ಸಾಲಚರಿತ್ರೆಯ ವರದಿಯಲ್ಲಿ ‘ಸೆಟಲ್ಡ್’ ಎಂದು ದಾಖಲಾಗುವುದರಿಂದ ಮುಂದೆ ಮನೆಸಾಲ ಮುಂತಾದವು ಸಿಕ್ಕುವುದು ಕಷ್ಟವಾಗಬಹುದು. ಆದುದರಿಂದ ಇದು ಕೊನೆಯ ದಾರಿ. ರಾಜಿಯ ಷರತ್ತುಗಳನ್ನು ಬ್ಯಾಂಕಿನ ಪತ್ರದಲ್ಲಿ ಪಡೆದ ಮೇಲೆಯೇ ಹಣ ಕಟ್ಟಬೇಕು, ಬ್ಯಾಂಕಿಗೇ ಕಟ್ಟಬೇಕು, ಕಟ್ಟಿದ ಮೇಲೆ ಬಾಕಿಯಿಲ್ಲವೆಂಬ ಪತ್ರವನ್ನು ಪಡೆದಿಡಬೇಕು. ಮುಂಗಡ ಶುಲ್ಕ ಕೊಟ್ಟರೆ ಸಾಲವನ್ನೇ ಅಳಿಸಿಬಿಡುತ್ತೇವೆನ್ನುವವರನ್ನು ನಂಬಕೂಡದು.

ತಾಲೂಕು ಕಾನೂನು ಸೇವಾ ಸಮಿತಿಯ ಮೂಲಕ ಲೋಕ ಅದಾಲತ್ತಿನಲ್ಲಿಯೂ ರಾಜಿ ಮಾಡಿಕೊಳ್ಳಬಹುದು. ಅಲ್ಲಿ ನ್ಯಾಯಾಲಯದ ಶುಲ್ಕವಿಲ್ಲ; ಆದ ಒಪ್ಪಂದಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿದೆ.

ಅಂಜಿಕೆ ಬೇಡ

ವಸೂಲಿಗಾರರು ಬೆಳಗ್ಗೆ 8 ಗಂಟೆಗೆ ಮುಂಚೆ ಮತ್ತು ಸಂಜೆ 7ರ ಅನಂತರ ಫೋನು ಮಾಡಕೂಡದೆಂದೂ, ಬೆದರಿಸುವುದಾಗಲಿ ಮನೆಯವರ ಮುಂದೆ ಅವಮಾನ ಮಾಡುವುದಾಗಲಿ ಸಲ್ಲದೆಂದೂ ರಿಸರ್ವ್ ಬ್ಯಾಂಕು 2022ರ ಆಗಸ್ಟಿನಲ್ಲಿ ತಾಕೀತು ಮಾಡಿತು. ಇದನ್ನು ಮೀರಿದರೆ ಮೊದಲು ಬ್ಯಾಂಕಿಗೆ ಲಿಖಿತ ದೂರು ಕೊಡಿರಿ. ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ನರಿಗೆ ಬರೆಯಬಹುದು, ಅದಕ್ಕೆ ಶುಲ್ಕವಿಲ್ಲ.

ಕಟ್ಟಲು ಕೈಲಾಗದುದು ಅಪರಾಧವಲ್ಲ; ಅದು ಸಿವಿಲ್ ವ್ಯವಹಾರ. ವಂಚನೆ ಮಾಡಿದುದು, ಕೊಟ್ಟ ಚೆಕ್ಕು ಮರಳಿದುದು ಬೇರೆ ಮಾತು. ತಂದೆಯ ಕಾರ್ಡಿನ ಸಾಲಕ್ಕೆ ಮಕ್ಕಳು ಸ್ವಂತ ಸಂಪಾದನೆಯಿಂದ ಹೊಣೆಗಾರರಲ್ಲ. ಅವರಿಗೆ ಬಂದ ಪಿತ್ರಾರ್ಜಿತ ಆಸ್ತಿಯ ಮಟ್ಟಿಗೆ ಮಾತ್ರ ಆ ಹೊಣೆ. ವಸೂಲಿಗಾರನು ಶಾಲೆಯ ಹುಡುಗನನ್ನು ಹೆದರಿಸಿದರೆ ಆ ಹುಡುಗನು ಹೆದರಬೇಕಾದುದಿಲ್ಲ.

ಸಾಲಕ್ಕಿಂತ ಹೆಚ್ಚು ಕೆಡುಕು ಮಾಡುವುದು ಸಾಲವನ್ನು ಮುಚ್ಚಿಡುವುದು. ಗಂಡ ಹೆಂಡತಿಗೆ, ಮಗ ತಂದೆಗೆ ಹೇಳದೆ ಕಳೆದ ಒಂದೊಂದು ತಿಂಗಳೂ ಬಡ್ಡಿಗೆ ಆಹಾರವಾಗುತ್ತದೆ. ತಂದೆತಾಯಿಗಳು ಲೆಕ್ಕಪತ್ರವನ್ನು ಮನೆಯವರ ಮುಂದಿಡಲಿ. ಮಕ್ಕಳು ಶಾಲೆಯಲ್ಲಿ ಕಲಿತ ಲೆಕ್ಕವನ್ನು ಮೊದಲು ಅಲ್ಲಿ ಮಾಡಿ ತೋರಿಸಲಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಾದರೆ ಹಾಸಿಗೆಯ ಉದ್ದ ಮನೆಯವರೆಲ್ಲರಿಗೂ ಗೊತ್ತಿರಬೇಕಷ್ಟೆ.

ಅಭ್ಯಾಸ

1. ಬಾಕಿ 60,000 ರೂಪಾಯಿ. ಬಡ್ಡಿ ತಿಂಗಳಿಗೆ ನೂರಕ್ಕೆ 3. ಬಡ್ಡಿಯ ಮೇಲೆ ಜಿ.ಎಸ್.ಟಿ. ನೂರಕ್ಕೆ 18, ಕನಿಷ್ಠ ಕಂತು ಬಾಕಿಯ ನೂರಕ್ಕೆ 5. ಮೊದಲ ಕಂತಿನಿಂದ ಅಸಲು ಎಷ್ಟು ಇಳಿಯುತ್ತದೆ? (ಉತ್ತರ: 876 ರೂಪಾಯಿ.)

2. ಬಾಕಿಯನ್ನು ಕಂತುಗಳಾಗಿ ಮಾರ್ಪಡಿಸಿ ಕೊಡಬೇಕೆಂದು ಕೋರಿ ಬ್ಯಾಂಕಿನ ಮ್ಯಾನೇಜರರಿಗೆ ಕನ್ನಡದಲ್ಲಿ ಒಂದು ಅರ್ಜಿಯನ್ನು ಬರೆಯಿರಿ.