ಮೇಷ್ಟ್ರು ಕಲಿತರೆ ಇಡೀ ಶಾಲೆ ಕಲಿತಂತೆ

ಕಳೆದ ತಿಂಗಳು ನಾವು ಎನ್‌ಎಸ್‌ಎಸ್ ತಂಡದ ಜೊತೆ ಹತ್ತಿರದ ಒಂದು ಪ್ರೌಢಶಾಲೆಗೆ ಹೋಗಿದ್ವಿ. ಅಲ್ಲಿ ಶಿಕ್ಷಕರಿಗೆ ಬೇಸಿಕ್ ಲೈಫ್ ಸಪೋರ್ಟ್, ಅಂದ್ರೆ ಪ್ರಾಥಮಿಕ ಜೀವರಕ್ಷಣೆಯ ತರಬೇತಿ ಇತ್ತು. ಹೇಳಿಕೊಡೋರು ಡಾಕ್ಟರ್, ಗೊಂಬೆ ಹೊರೋದು, ಬೆಂಚು ಸರಿಸೋದು ನಮ್ಮ ಕೆಲಸ. ಟೀ ಸಮಯದಲ್ಲಿ ಹಿರಿಯ ಮೇಡಂ ಒಬ್ಬರು, "ಎರಡು ವರ್ಷದ ಹಿಂದೆ ನಮ್ ಜೊತೆಯ ಮೇಷ್ಟ್ರು ಸ್ಟಾಫ್ ರೂಮಲ್ಲೇ ಕುಸಿದುಬಿದ್ರಪ್ಪ. ನಾವು ಮುಖಕ್ಕೆ ನೀರು ಚಿಮುಕಿಸ್ತಾ ಆಟೋಗೆ ಕಾಯ್ತಿದ್ವಿ. ಅವರು ಉಳೀಲಿಲ್ಲ" ಅಂದ್ರು. ನಮಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ. ನಾವು ಅಲ್ಲಿದ್ದಿದ್ರೂ ಅದನ್ನೇ ಮಾಡ್ತಿದ್ವಿ.

ಹೃದಯ ನಿಂತ 4-5 ನಿಮಿಷಗಳಲ್ಲೇ ಆಮ್ಲಜನಕ ಸಿಗದೆ ಮೆದುಳಿಗೆ ಹಾನಿ ಶುರುವಾಗುತ್ತದೆ. ಆಂಬ್ಯುಲೆನ್ಸ್ ಎಷ್ಟೇ ಬೇಗ ಬಂದರೂ ಆ ಮೊದಲ ನಿಮಿಷಗಳು ಪಕ್ಕದಲ್ಲಿ ಇರುವವರ ಕೈಯಲ್ಲೇ ಇರುತ್ತವೆ. ಅವತ್ತು ಕಲಿತದ್ದು ಇಷ್ಟು:

1. ಭುಜ ತಟ್ಟಿ ಜೋರಾಗಿ ಕೂಗಿ. ಎಚ್ಚರ ಇಲ್ಲ, ಉಸಿರೂ ಇಲ್ಲ ಅಂದ್ರೆ ಹೃದಯ ನಿಂತಿದೆ ಅಂತಲೇ ತಿಳಿಯಬೇಕು. ಆಗೊಮ್ಮೆ ಈಗೊಮ್ಮೆ ಬರುವ ಏದುಸಿರು ಉಸಿರಾಟ ಅಲ್ಲ.

2. 108 ಅಥವಾ 112ಕ್ಕೆ ಫೋನ್ ಮಾಡಿ, ಸ್ಪೀಕರ್‌ಗೆ ಹಾಕಿ. ಎಇಡಿ ಯಂತ್ರ ಇದ್ದರೆ ತರಿಸಿ.

3. ಎದೆಯ ನಡುವೆ ಅಂಗೈಯ ಬುಡ ಇಟ್ಟು, ಮೇಲೆ ಇನ್ನೊಂದು ಕೈ ಇಟ್ಟು, ಮೊಣಕೈ ಮಡಚದೆ ಒತ್ತಿ. ದೊಡ್ಡವರಿಗೆ 5-6 ಸೆಂ.ಮೀ. ಆಳ, ನಿಮಿಷಕ್ಕೆ 100-120 ಸಲ.

4. ತರಬೇತಿ ಆದವರು 30 ಒತ್ತುಗಳಿಗೆ 2 ಸಲ ಬಾಯಿಂದ ಉಸಿರು ಕೊಡಬೇಕು. ಗೊತ್ತಿಲ್ಲದವರು ಬರೀ ಒತ್ತುತ್ತಾ ಇದ್ದರೂ ಸಾಕು.

ಮಕ್ಕಳಲ್ಲಿ ಒಂದು ವ್ಯತ್ಯಾಸ ಇದೆ. ನೀರಲ್ಲಿ ಮುಳುಗಿ ಅಥವಾ ಗಂಟಲಲ್ಲಿ ಏನೋ ಸಿಕ್ಕಿಕೊಂಡು, ಸಾಮಾನ್ಯವಾಗಿ ಮೊದಲು ಉಸಿರು ನಿಲ್ಲುತ್ತದೆ, ಆಮೇಲೆ ಹೃದಯ. ಅದಕ್ಕೇ ಅವರಿಗೆ ಉಸಿರು ಕೊಡೋದು ತುಂಬಾ ಮುಖ್ಯ. ಒತ್ತುವ ಆಳ ಎದೆಯ ದಪ್ಪದ ಮೂರನೇ ಒಂದು ಭಾಗ. ಶಿಕ್ಷಕರು ಪೂರ್ತಿ ವಿಧಾನ ಕಲೀಬೇಕು ಅನ್ನೋದು ಈ ಕಾರಣಕ್ಕೆ.

ಅಭ್ಯಾಸದಲ್ಲಿ ಬಹುತೇಕ ಎಲ್ಲರೂ ಮಾಡಿದ ತಪ್ಪು ಒಂದೇ: ಒತ್ತಿದ ಮೇಲೆ ಭಾರ ಪೂರ್ತಿ ಬಿಡುತ್ತಿರಲಿಲ್ಲ. ಬೋರ್‌ವೆಲ್ ಕೈಪಂಪನ್ನು ಅರ್ಧಂಬರ್ಧ ಆಡಿಸಿದರೆ ನೀರು ಬರುತ್ತಾ? ಹಾಗೇ, ಎದೆ ಪೂರ್ತಿ ಮೇಲೆದ್ದರೆ ಮಾತ್ರ ಹೃದಯದಲ್ಲಿ ರಕ್ತ ತುಂಬುತ್ತದೆ. ಎರಡೇ ನಿಮಿಷಕ್ಕೆ ಗಣಿತದ ಸರ್ ಬೆವೆತುಹೋದರು. ಅದಕ್ಕೇ 2 ನಿಮಿಷಕ್ಕೊಮ್ಮೆ ಕೈ ಬದಲಾಗಬೇಕು. "ಪಕ್ಕೆಲುಬು ಮುರಿದ್ರೆ?" ಅಂತ ಒಬ್ಬರು ಕೇಳಿದ್ರು. "ಮುರಿಯಬಹುದು. ಮೂಳೆ ಕೂಡುತ್ತೆ, ಹೋದ ಜೀವ ಬರಲ್ಲ" ಅಂದ್ರು ಡಾಕ್ಟರ್.

ಇದನ್ನೆಲ್ಲ ಶಿಕ್ಷಕರಿಗೇ ಯಾಕೆ ಕಲಿಸಬೇಕು? ಡೆನ್ಮಾರ್ಕ್ 2005ರಲ್ಲಿ ಶಾಲೆಗಳಲ್ಲಿ ಇದನ್ನು ಕಡ್ಡಾಯ ಮಾಡಿತು. ಅಲ್ಲಿ ಹೃದಯ ನಿಂತವರಿಗೆ ಸುತ್ತಲಿದ್ದವರೇ ಸಿಪಿಆರ್ ಕೊಟ್ಟ ಪ್ರಮಾಣ 2001ರಲ್ಲಿ ಸುಮಾರು 21% ಇದ್ದದ್ದು 2010ಕ್ಕೆ ಸುಮಾರು 45% ಆಯಿತು. ಶಾಲೆ ಒಂದೇ ಕಾರಣ ಅಲ್ಲ, ಆದರೆ ಅದೂ ಒಂದು ಕಾರಣ. 12ನೇ ವಯಸ್ಸಿಂದ ವರ್ಷಕ್ಕೆ 2 ಗಂಟೆ ಕಲಿಸಬೇಕೆಂಬ 'ಕಿಡ್ಸ್ ಸೇವ್ ಲೈವ್ಸ್' ಯೋಜನೆಗೆ 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಬೆಂಬಲ ಕೊಟ್ಟಿದೆ. ಪ್ರತಿ ಶಾಲೆಗೂ ಡಾಕ್ಟರ್ ಹೋಗೋಕಾಗಲ್ಲ. ಮೇಷ್ಟ್ರು ಅಲ್ಲೇ ಇರ್ತಾರೆ, ಪ್ರತಿ ವರ್ಷ ಹೊಸ ಮಕ್ಕಳು ಅವರ ಮುಂದೆ ಕೂರ್ತಾರೆ. ಆದರೆ ಒಂದು ಸಲ ಕಲಿತರೆ ಸಾಲದು, ಕೆಲವೇ ತಿಂಗಳಲ್ಲಿ ಕೈ ಮರೆಯುತ್ತದೆ. ಆಗಾಗ ಅಭ್ಯಾಸ ಬೇಕು.

ಕೊನೆಗೆ ಆ ಮೇಡಂ ಸೆರಗು ಸಿಕ್ಕಿಸಿಕೊಂಡು ಗೊಂಬೆಯ ಪಕ್ಕ ಮಂಡಿಯೂರಿದ್ರು. ಎರಡು ನಿಮಿಷ ನಿಲ್ಲಿಸದೆ ಒತ್ತಿದ್ರು. ಮುಂದಿನ ವಾರ ಒಂಬತ್ತನೇ ಕ್ಲಾಸಿಗೆ ತಾವೇ ಹೇಳಿಕೊಡ್ತಾರಂತೆ. ನಮ್ಮ ಹಾಸ್ಟೆಲಲ್ಲಿ ಯಾರಾದ್ರೂ ಕುಸಿದುಬಿದ್ರೆ ಒತ್ತೋಕೆ ಎಷ್ಟು ಜನಕ್ಕೆ ಬರುತ್ತೆ? ಈ ಸೆಮಿಸ್ಟರಲ್ಲಿ ನಾವೂ ಕಲಿಯೋಣ.